ನಾಣ್ಯದ ಮೇಲೆ ಮುಖ ಇದ್ದ ಮಾತ್ರಕ್ಕೆ ರಾಣಿ ಆಳಿದಳೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋದಾಗ ಬ್ರಿಟಿಷ್ ಮ್ಯೂಸಿಯಂನಲ್ಲಿ ಅರ್ಸಿನೋಯೆ ಎಂಬ ಈಜಿಪ್ಟ್ ರಾಣಿಯ ಚಿನ್ನದ ನಾಣ್ಯ ನೋಡಿದೆ. ತಲೆ ಮೇಲೆ ಸೆರಗು ಹೊದ್ದ ಹಾಗಿತ್ತು. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಮುಂದಿನ ತಿಂಗಳು ನಮ್ಮ ಮಹಿಳಾ ಸಮಾಜದಲ್ಲಿ ಅಲೆಕ್ಸಾಂಡರ್ ನಂತರದ ಗ್ರೀಕ್ ರಾಣಿಯರ ಬಗ್ಗೆ ಮಾತಾಡುವುದಿದೆ. ‘2,300 ವರ್ಷದ ಹಿಂದೆಯೇ ಹೆಣ್ಣು ರಾಜ್ಯ ಆಳಿದಳು’ ಅಂತ ಶುರು ಮಾಡೋಣ ಅಂದುಕೊಂಡಿದ್ದೆ. ಓದುತ್ತಾ ಹೋದ ಹಾಗೆ ಧೈರ್ಯ ಹೋಯಿತು. ಇವರೆಲ್ಲ ವಿಷ ಹಾಕಿದವರು, ಒಡಹುಟ್ಟಿದವರನ್ನೇ ಮದುವೆಯಾದವರು ಅಂತ ಎಲ್ಲ ಕಡೆ ಇದೆ. ಕಾಲೇಜಿನಲ್ಲಿ ಇತಿಹಾಸ ಹೇಳುವ ನನ್ನ ತಮ್ಮ, ‘ಅಕ್ಕಾ, ಅವರೆಲ್ಲ ಕೈಗೊಂಬೆಗಳು, ನಾಣ್ಯ ಸುಮ್ನೆ ಪ್ರಚಾರ’ ಅನ್ನುತ್ತಾನೆ. ನಾನು ಏನಂತ ಹೇಳಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ, ಮೇಡಂ. ಇಲ್ಲದ ದೊಡ್ಡಸ್ತಿಕೆ ಹೇಳಬಾರದು, ಇದ್ದದ್ದನ್ನು ಕಡಿಮೆ ಮಾಡಿಯೂ ಹೇಳಬಾರದು ಎಂಬ ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಈ ಕಾಲದ ನಾಣ್ಯ, ಶಾಸನ ಓದುವುದೇ ನನ್ನ ಕೆಲಸ. ನಿಮ್ಮ ಮಾತಿನಲ್ಲೂ ನಿಜ ಇದೆ, ನಿಮ್ಮ ತಮ್ಮನ ಮಾತಿನಲ್ಲೂ ಇದೆ. ಆದರೆ ಇಬ್ಬರೂ ಒಂದೇ ನಾಣ್ಯ ಹಿಡಿದುಕೊಂಡು ಮುನ್ನೂರು ವರ್ಷದ ರಾಣಿಯರ ಬಗ್ಗೆ ತೀರ್ಪು ಕೊಡುತ್ತಿದ್ದೀರಿ.

ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತ. ಅವನ ದಂಡನಾಯಕರು ರಾಜ್ಯ ಹಂಚಿಕೊಂಡರು. ಈಜಿಪ್ಟ್ ಟಾಲೆಮಿಯ ಮನೆತನಕ್ಕೆ ಹೋಯಿತು. ಸಿರಿಯಾದಿಂದ ಇರಾನಿನವರೆಗೆ ಸೆಲ್ಯುಕಸ್ ಮನೆತನ ಆಳಿತು. ಕ್ರಿ.ಪೂ. 30ರಲ್ಲಿ ಎಲ್ಲರಿಗೂ ಗೊತ್ತಿರುವ ಆ ಕ್ಲಿಯೋಪಾತ್ರಾ ಸಾಯುವವರೆಗೆ ಈ ಕಥೆ ನಡೆಯುತ್ತದೆ. ಆಕೆ ಆ ಹೆಸರಿನ ಏಳನೆಯವಳು. ನೀವು ಆಕೆಯ ಬಗ್ಗೆ ಕೇಳದೇ ಇದ್ದದ್ದು ನನಗೆ ಸಂತೋಷವೇ. ಆಕೆಯ ನೆರಳಿನಲ್ಲಿ ಉಳಿದವರು ಕಾಣುವುದೇ ಇಲ್ಲ.

ನೀವು ನೋಡಿದ ನಾಣ್ಯಕ್ಕೆ ಬರೋಣ. ಸುಮಾರು 28 ಗ್ರಾಂ ಚಿನ್ನ, ಬೆಲೆ 100 ಬೆಳ್ಳಿ ದ್ರಾಖ್ಮಾ. ಸಂತೆಯಲ್ಲಿ ಸೊಪ್ಪು ಕೊಳ್ಳುವ ಕಾಸಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೆ ದೊಡ್ಡದು ಮಾಡಿ ಕಿವಿಯ ಹತ್ತಿರ ನೋಡಿ. ಅಲ್ಲೊಂದು ಪುಟ್ಟ ಸುರುಳಿ ಇರುತ್ತದೆ. ಕೂದಲು ಅಂದುಕೊಂಡು ಜನ ಮುಂದೆ ಹೋಗುತ್ತಾರೆ. ಅದು ಟಗರಿನ ಕೊಂಬು. ಅಮ್ಮೋನ್ ಎಂಬ ದೇವರ ಗುರುತು. ಸತ್ತು ದೇವರಾದ ಅಲೆಕ್ಸಾಂಡರನ ತಲೆಗೂ ನಾಣ್ಯಗಳಲ್ಲಿ ಇದೇ ಕೊಂಬು ಇಡುತ್ತಿದ್ದರು. ತಲೆಯ ಹಿಂದೆ ಒಂದು ಕೋಲಿನ ತುದಿ ಇಣುಕುತ್ತದೆ, ತಾವರೆ ಮೊಗ್ಗಿನ ಆಕಾರದ್ದು. ಹಿಂಬದಿಯಲ್ಲಿ ಹಣ್ಣು ತುಂಬಿದ ಜೋಡಿ ಕೊಂಬು, ಅದಕ್ಕೆ ಕಟ್ಟಿದ ರಿಬ್ಬನ್. ಸುತ್ತ ಬರೆದಿರುವುದು ‘ಅರ್ಸಿನೋಯೆ ಫಿಲಡೆಲ್ಫೋಸಳದು’ ಅಂತ. ಫಿಲಡೆಲ್ಫೋಸ್ ಅಂದರೆ ಒಡಹುಟ್ಟಿದವನನ್ನು ಪ್ರೀತಿಸುವವಳು.

ಕೊಂಬು, ಆ ಕೋಲು, ಎಲ್ಲ ಸೇರಿ ಹೇಳುವುದು ಇಷ್ಟೇ: ಇದು ದೇವಿಯ ಮುಖ. ಅರ್ಸಿನೋಯೆ ತೀರಿಕೊಂಡದ್ದು ಕ್ರಿ.ಪೂ. 270ರ ಸುಮಾರಿಗೆ. ಆಕೆಯ ಹೆಸರಿನ ನಾಣ್ಯಗಳಲ್ಲಿ ಬಹುಪಾಲು ಅಚ್ಚಾದದ್ದು ಆಮೇಲೆ. ನೂರು ವರ್ಷ ಕಳೆದ ಮೇಲೂ ಅದೇ ಮನೆತನದ ಅರಸರು ಅವನ್ನು ಹೊರಡಿಸುತ್ತಲೇ ಇದ್ದರು. ನಾನು ಪಾಠ ಶುರು ಮಾಡಿದ ಹೊಸದರಲ್ಲಿ ಇದೇ ಚಿತ್ರ ತೋರಿಸಿ ‘ಆಳಿದ ರಾಣಿ’ ಅಂದಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ‘ಸರ್, ಈ ನಾಣ್ಯ ಬಂದಾಗ ಆಕೆ ಬದುಕಿದ್ದಳಾ?’ ಅಂತ ಕೇಳಿದಳು. ಅವತ್ತಿನಿಂದ ಯಾವ ರಾಣಿಯ ಚಿತ್ರ ಕಂಡರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಅದೇ.

ಹಾಗಾದರೆ ತಮ್ಮ ಹೇಳಿದ್ದೇ ಸರಿ ಅನಿಸಬಹುದು. ಸ್ವಲ್ಪ ತಾಳಿ. ‘ಸುಮ್ನೆ ಪ್ರಚಾರ’ ಅನ್ನುವ ಮಾತಿನಲ್ಲಿ ಆ ‘ಸುಮ್ನೆ’ ತಪ್ಪು. ಈಜಿಪ್ಟಿನಲ್ಲಿ ದ್ರಾಕ್ಷಿ ತೋಟ, ಹಣ್ಣಿನ ತೋಟ ಇದ್ದವರು ಫಸಲಿನ ಆರನೇ ಒಂದು ಪಾಲು ಕೊಡಬೇಕಿತ್ತು. ಕ್ರಿ.ಪೂ. 263ರ ಹೊತ್ತಿಗೆ ಆ ಪಾಲು ಅರ್ಸಿನೋಯೆಯ ಪೂಜೆಗೆ ಅಂತ ಗೊತ್ತಾಯಿತು. ಫಯ್ಯೂಮ್ ಸೀಮೆಗೆ ಆಕೆಯ ಹೆಸರು ಬಂತು. ಸಮುದ್ರ ತೀರದಲ್ಲಿ ಅರ್ಸಿನೋಯೆ ಎಂಬ ಹೆಸರಿನ ಊರುಗಳು ಎದ್ದವು. ಹಡಗಿನವರು ಆಕೆಯನ್ನು ಗ್ರೀಕರ ಪ್ರೇಮದೇವತೆ ಅಫ್ರೋದಿತೆಯೆಂದು ಪೂಜಿಸಿದರು. ಆ ಗುಡಿ ಕಟ್ಟಿಸಿದವನು ನೌಕಾಪಡೆಯ ದೊಡ್ಡ ಅಧಿಕಾರಿ ಕಲ್ಲಿಕ್ರಾಟಿಸ್. ತೋಟದ ರೈತನಿಂದ ಹಡಗಿನವರೆಗೆ ಎಲ್ಲರ ಬಾಯಲ್ಲಿ ಒಂದು ಹೆಣ್ಣಿನ ಹೆಸರು ಓಡಾಡುವುದು ಸಣ್ಣ ಮಾತಲ್ಲ.

ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಊರಿನ ಹೆಸರು ಕೇಳಿರಬಹುದು. ಕನ್ನಡದ ಮಾತುಗಳಿವೆಯೇ ಎಂದು ನಮ್ಮ ವಿದ್ವಾಂಸರು ಚರ್ಚಿಸಿದ ಗ್ರೀಕ್ ಪ್ರಹಸನ ಸಿಕ್ಕಿದ್ದು ಅಲ್ಲಿನ ಕಸದ ದಿಬ್ಬದಲ್ಲಿ. ಆ ಊರಿನ ದಿಬ್ಬಗಳಲ್ಲೇ ಇನ್ನೊಂದು ಹಾಳೆಯೂ ಸಿಕ್ಕಿತು. ಅಲೆಕ್ಸಾಂಡ್ರಿಯಾದ ಬೀದಿಯಲ್ಲಿ ಅರ್ಸಿನೋಯೆಯ ಪೂಜಾರಿಣಿ ಮೆರವಣಿಗೆ ಹೊರಟಾಗ ಜನ ಏನು ಮಾಡಬೇಕು ಎಂಬ ಕಟ್ಟಳೆ ಅದರಲ್ಲಿದೆ. ಬಲಿ ಕೊಡುವವರು ತಮ್ಮ ಮನೆಯ ಮುಂದೆಯೋ, ಮಾಳಿಗೆ ಮೇಲೋ, ಆಕೆ ಹೋಗುವ ದಾರಿಯಲ್ಲೋ ಕೊಡಬೇಕು. ಬಲಿಪೀಠವನ್ನು ಮರಳಿನಿಂದ ಮಾಡಬೇಕು. ತೇರಿನ ಬೀದಿಯಲ್ಲಿ ಬೆಳೆದ ನಮಗೆ ಇದು ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ಹಸಿರು ನೀಲಿ ಹೊಳಪಿನ ಹೂಜಿಗಳೂ ಸಿಕ್ಕಿವೆ. ಅವುಗಳ ಹೊಟ್ಟೆಯ ಮೇಲೆ ರಾಣಿ ನಿಂತಿದ್ದಾಳೆ. ಎಡಗೈಯಲ್ಲಿ ಹಣ್ಣಿನ ಕೊಂಬು, ಬಲಗೈಯಲ್ಲಿ ಬಟ್ಟಲು. ಬಟ್ಟಲಿನಿಂದ ನೈವೇದ್ಯ ಸುರಿಯುತ್ತಿದ್ದಾಳೆ. ಚಿನ್ನದ ನಾಣ್ಯ ಮುಟ್ಟದವರೂ ಆ ಹೂಜಿ ಮುಟ್ಟಿರಬಹುದು.

ಈ ದೇವಿಯ ಹಿಂದೆ ಇದ್ದ ಮನುಷ್ಯಳ ಬದುಕು ಬೇರೆ. ಹದಿನಾರರ ಸುಮಾರಿಗೆ ಅರ್ಸಿನೋಯೆಯನ್ನು ಗ್ರೀಸಿನ ಉತ್ತರಕ್ಕಿದ್ದ ಥ್ರೇಸಿನ ಮುದಿ ದೊರೆ ಲೈಸಿಮಾಕಸನಿಗೆ ಕೊಟ್ಟರು. ಅವನು ಕ್ರಿ.ಪೂ. 281ರ ಯುದ್ಧದಲ್ಲಿ ಸತ್ತ. ಮಲತಾಯಿಯ ಮಗ ಟಾಲೆಮಿ ಕೆರೌನಸ್ ‘ನಿನ್ನನ್ನು ಮದುವೆಯಾಗುತ್ತೇನೆ’ ಎಂದು ನಂಬಿಸಿ ಆಕೆ ಇದ್ದ ಊರೊಳಗೆ ಬಂದ. ಬಂದವನೇ ಆಕೆಯ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಕೊಂದ. ಆಕೆ ತಪ್ಪಿಸಿಕೊಂಡು ತವರಿಗೆ, ಅಂದರೆ ಈಜಿಪ್ಟಿಗೆ ಬಂದಳು. ಅಲ್ಲಿ ತನಗಿಂತ ಎಂಟು ವರ್ಷ ಚಿಕ್ಕವನಾದ ಒಡಹುಟ್ಟಿದ ತಮ್ಮ ಎರಡನೇ ಟಾಲೆಮಿಯ ಹೆಂಡತಿಯಾದಳು. ಆಗ ಆಕೆಗೆ ಹತ್ತಿರ ಹತ್ತಿರ 40.

ನಿಮ್ಮನ್ನು ಕಾಡಿದ ವಿಷಯ ಇದೇ. ಇದನ್ನು ಮುಚ್ಚಿಡಬೇಡಿ. ಗ್ರೀಕರಿಗೂ ಇದು ಹೇಸಿಗೆ ಅನಿಸಿತ್ತು. ಈ ಮದುವೆಯನ್ನು ಹೊಲಸು ಮಾತಿನಲ್ಲಿ ಹಂಗಿಸಿದ ಸೋಟಡಿಸ್ ಎಂಬ ಕವಿಯನ್ನು ಸೀಸದ ಪೆಟ್ಟಿಗೆಯಲ್ಲಿ ಹಾಕಿ ಸಮುದ್ರಕ್ಕೆ ಎಸೆದರು ಎಂಬ ಕಥೆ ಉಳಿದಿದೆ. ಈಜಿಪ್ಟಿನಲ್ಲಿ ಒಸಿರಿಸ್ ಮತ್ತು ಐಸಿಸ್, ಗ್ರೀಸಿನಲ್ಲಿ ಜ್ಯೂಸ್ ಮತ್ತು ಹೇರಾ, ಇಬ್ಬರೂ ಒಡಹುಟ್ಟಿದ ದಂಪತಿಗಳು. ಅರಮನೆಯ ಕವಿಗಳು ಅದನ್ನೇ ಮುಂದಿಟ್ಟರು. ಒಳಗಿನ ಲೆಕ್ಕ ಬೇರೆಯೇ ಇತ್ತು. ಮಗಳನ್ನು ಇನ್ನೊಂದು ಅರಮನೆಗೆ ಕೊಟ್ಟರೆ ಆ ಮನೆಗೆ ನಮ್ಮ ಸಿಂಹಾಸನದ ಮೇಲೆ ಒಂದು ಹಕ್ಕು ಹುಟ್ಟುತ್ತದೆ. ಆಕೆಗೆ ಏನಾದರೂ ಆದರೆ ಯುದ್ಧವೂ ಹುಟ್ಟುತ್ತದೆ. ಮನೆಯ ಹೆಣ್ಣನ್ನು ಮನೆಯಲ್ಲೇ ಇಟ್ಟುಕೊಂಡರೆ ಬಾಗಿಲು ಹಾಕಿದ ಹಾಗೆ.

ಇಲ್ಲಿ ಇನ್ನೊಂದು ವಿಷಯ. ‘ತಂಗಿ’ ಎಂದು ಬರೆದಿರುವ ಕಡೆಯೆಲ್ಲ ನಿಜವಾದ ತಂಗಿ ಇರುವುದಿಲ್ಲ. ಮೂರನೇ ಟಾಲೆಮಿಯ ಹೆಂಡತಿ ಬೆರೆನಿಕೆಯನ್ನು ಶಾಸನಗಳು ‘ತಂಗಿ ಮತ್ತು ಪತ್ನಿ’ ಎನ್ನುತ್ತವೆ. ಆಕೆ ಅವನ ತಂದೆಯ ಮಲಸೋದರನ ಮಗಳು. ಆ ಟಾಲೆಮಿಯನ್ನೇ ಶಾಸನದಲ್ಲಿ ಅರ್ಸಿನೋಯೆಯ ಮಗ ಅಂತ ಬರೆದಿದೆ. ಹೆತ್ತವಳು ಅದೇ ಹೆಸರಿನ ಇನ್ನೊಬ್ಬಳು, ಎರಡನೇ ಟಾಲೆಮಿಯ ಮೊದಲ ಹೆಂಡತಿ, ಗಡೀಪಾರಾದವಳು. ಹಾಗಾಗಿ ‘ತಂಗಿ’, ‘ತಾಯಿ’ ಎಂಬ ಮಾತುಗಳು ಎಷ್ಟೋ ಸಲ ರಕ್ತಸಂಬಂಧ ಹೇಳುತ್ತಿರಲಿಲ್ಲ, ಬಿರುದಾಗಿದ್ದವು. ‘ರಾಣಿ’ಯ ಕಥೆಯೂ ಇದೇ. ಗ್ರೀಕಿನಲ್ಲಿ ಬಸಿಲಿಸ್ಸಾ ಅನ್ನುತ್ತಾರೆ. ಕ್ರಿ.ಪೂ. 238ರ ಕನೋಪಸ್ ಶಾಸನದಲ್ಲಿ ತೀರಿಕೊಂಡ ಒಂದು ಪುಟ್ಟ ಹುಡುಗಿಗೆ ಹುಟ್ಟಿದಾಗಿನಿಂದಲೂ ಬಸಿಲಿಸ್ಸಾ ಎಂಬ ಹೆಸರಿತ್ತು ಎಂದು ಬರೆದಿದೆ. ರಾಜನ ಹೆಂಡತಿಗೂ ಅದೇ ಪದ, ಮಗಳಿಗೂ ಅದೇ ಪದ, ಮುಂದೆ ಒಬ್ಬಳೇ ಆಳಿದವಳಿಗೂ ಅದೇ ಪದ. ನಾವು ಎಲ್ಲವನ್ನೂ ‘ರಾಣಿ’ ಎಂದು ಕನ್ನಡಕ್ಕೆ ತಂದು ಎಲ್ಲರಿಗೂ ಸಿಂಹಾಸನ ಕೊಟ್ಟುಬಿಡುತ್ತೇವೆ.

ಈಗ ವಿಷದ ಮಾತು. ಸೆಲ್ಯುಕಸ್ ಮನೆತನದ ಎರಡನೇ ಆಂಟಿಯೋಕಸನಿಗೆ ಲವೊದಿಕೆ ಎಂಬ ಹೆಂಡತಿ ಇದ್ದಳು, ಗಂಡುಮಕ್ಕಳಿದ್ದರು. ಕ್ರಿ.ಪೂ. 252ರಲ್ಲಿ ಅವನು ಭಾರಿ ವರದಕ್ಷಿಣೆ ತಂದ ಈಜಿಪ್ಟಿನ ಬೆರೆನಿಕೆಯನ್ನೂ ಮದುವೆಯಾದ. ಮೇಲೆ ಹೇಳಿದ ಬೆರೆನಿಕೆ ಬೇರೆ, ಈಕೆ ಬೇರೆ. 246ರಲ್ಲಿ ಅವನು ಸತ್ತ. ‘ಬಿಟ್ಟ ಹೆಂಡತಿ ಸೇಡಿಗಾಗಿ ವಿಷ ಹಾಕಿದಳು, ಸವತಿಯನ್ನೂ ಕೂಸನ್ನೂ ಕೊಲ್ಲಿಸಿದಳು’ ಎಂದು ಹಲವು ನೂರು ವರ್ಷ ಆದ ಮೇಲೆ ರೋಮನ್ ಕಾಲದವರು ಬರೆದರು. ಬೆರೆನಿಕೆ ಮತ್ತು ಕೂಸು ಕೊಲೆಯಾದದ್ದು ನಿಜ. ಆಕೆಯ ಅಣ್ಣ ಮೂರನೇ ಟಾಲೆಮಿ ಅದಕ್ಕಾಗಿ ದಂಡೆತ್ತಿ ಸಿರಿಯಾಕ್ಕೆ ಬಂದದ್ದೂ ನಿಜ.

ಲವೊದಿಕೆಯ ಬಗ್ಗೆ ಆಕೆಯ ಕಾಲದ್ದೇ ಒಂದು ಕಲ್ಲು ಉಳಿದಿದೆ. ಅದೊಂದು ಕ್ರಯಪತ್ರ. ಅದನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಕ್ರಿ.ಪೂ. 253ರ ಸುಮಾರಿನದು. ಈಗಿನ ಟರ್ಕಿಯ ಸೈಜಿಕಸ್ ಕಡೆಯ ಪನ್ನೂಕೋಮೆ ಎಂಬ ಹಳ್ಳಿ, ಅಲ್ಲಿನ ದೊಡ್ಡ ಮನೆ, ಜಮೀನು, ಒಕ್ಕಲುಗಳು, ಎಲ್ಲವನ್ನೂ ರಾಜ ಆಕೆಗೆ ಮಾರಿದ್ದಾನೆ. ಬೆಲೆ 30 ಟಾಲೆಂಟ್ ಬೆಳ್ಳಿ. ಅಂದರೆ ಮುಕ್ಕಾಲು ಟನ್ನಿಗೂ ಜಾಸ್ತಿ. ಹಣ ಮೂರು ಕಂತಿನಲ್ಲಿ ಕಟ್ಟಬೇಕು. ಜಮೀನಿಗೆ ರಾಜನ ಕಂದಾಯ ಇಲ್ಲ. ಆಕೆ ಅದನ್ನು ತನಗೆ ಬೇಕಾದ ಪಟ್ಟಣಕ್ಕೆ ಸೇರಿಸಿಕೊಳ್ಳಬಹುದು. ಸಾರ್ಡಿಸ್ಸಿನ ದಫ್ತರದಲ್ಲಿ ದಾಖಲಾಗಬೇಕು, ಐದು ಕಡೆ ಕಲ್ಲಿನಲ್ಲಿ ಕೆತ್ತಬೇಕು. ಜೊತೆಗೆ ಗಡಿ ಗುರುತಿಸಿದ ವರದಿಯೂ ಇದೆ. ಹಳೆಯ ದಾರಿಯೇ ಗಡಿ, ಆದರೆ ಅಕ್ಕಪಕ್ಕದ ರೈತರು ಅದನ್ನು ಉತ್ತುಬಿಟ್ಟಿದ್ದಾರೆ ಎಂದು ಅದರಲ್ಲಿ ಬರೆದಿದೆ. ಒತ್ತುವರಿ!

ಇದು ಹೆಂಡತಿಯನ್ನು ಬಿಟ್ಟದ್ದಕ್ಕೆ ಕೊಟ್ಟ ಪರಿಹಾರ ಎಂದು ಓದಿದವರಿದ್ದಾರೆ. ಪತ್ರದಲ್ಲಿ ಹಾಗೆ ಒಂದು ಮಾತೂ ಇಲ್ಲ. ಕಲ್ಲಿನಲ್ಲಿ ಕಾಣುವುದು ಒಬ್ಬ ಜಮೀನ್ದಾರಿಣಿ. ಹಣ ಕಟ್ಟಿ, ಹದ್ದುಬಸ್ತು ಮಾಡಿಸಿ, ಐದು ಊರಿನಲ್ಲಿ ದಾಖಲೆ ಇಡಿಸಿಕೊಂಡವಳು.

ಹಾಗಂತ ಈ ಅರಮನೆಗಳು ಸೌಮ್ಯವಾಗಿದ್ದವು ಅಂತಲ್ಲ. ರಾಜರಿಗೆ ಒಬ್ಬಳಿಗಿಂತ ಜಾಸ್ತಿ ಹೆಂಡತಿಯರು. ಅಲೆಕ್ಸಾಂಡರನ ಅಪ್ಪ ಫಿಲಿಪ್ಪನಿಗೇ ಏಳು ಮಂದಿ. ಪಟ್ಟ ಯಾರ ಮಗನಿಗೆ ಎಂಬ ಕಟ್ಟಳೆ ಗಟ್ಟಿಯಾಗಿ ಇರಲಿಲ್ಲ. ಮಗ ಗೆದ್ದರೆ ತಾಯಿ ಉಳಿದಳು, ಸೋತರೆ ತಾಯಿ ಮಗ ಇಬ್ಬರೂ ಹೋದರು. ಹೀಗೆ ಕಟ್ಟಿದ ಮನೆಯಲ್ಲಿ ಹೆಂಗಸರು ಕೈಕಟ್ಟಿ ಕೂರಲು ಸಾಧ್ಯವೇ ಇರಲಿಲ್ಲ. ಗಂಡಸರು ಮಾಡಿದ ಅದೇ ಕೊಲೆಗೆ ರಾಜಕೀಯ ಎಂಬ ಹೆಸರು, ಹೆಂಗಸು ಮಾಡಿದರೆ ಹೊಟ್ಟೆಕಿಚ್ಚು. ಅದನ್ನು ಓದುವಾಗ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ನಿಜವಾಗಿ ಆಳಿದವರು ಇರಲಿಲ್ಲವೇ? ಇದ್ದರು. ಕ್ಲಿಯೋಪಾತ್ರಾ ಥೇಯಾ ಎಂಬವಳನ್ನು ನೀವು ಹೇಳಲೇಬೇಕು. ಆರನೇ ಟಾಲೆಮಿಯ ಮಗಳು. ಕ್ರಿ.ಪೂ. 150ರಲ್ಲಿ ಅಪ್ಪ ಆಕೆಯನ್ನು ಸಿರಿಯಾದ ದೊರೆ ಅಲೆಕ್ಸಾಂಡರ್ ಬಾಲಾಸನಿಗೆ ಕೊಟ್ಟ. ಅಳಿಯನ ಜೊತೆ ಜಗಳವಾಯಿತು. ಮಗಳನ್ನು ವಾಪಸು ಕರೆಸಿ ಅವನ ವೈರಿ ಎರಡನೇ ದಿಮಿತ್ರಿಯಸನಿಗೆ ಕೊಟ್ಟ. ಅವನು ಇರಾನಿನ ಕಡೆಯ ಪಾರ್ಥಿಯನ್ನರ ಕೈಗೆ ಸೆರೆ ಸಿಕ್ಕಾಗ ಆಕೆ ಅವನ ತಮ್ಮನನ್ನು ಮದುವೆಯಾದಳು. ಆ ತಮ್ಮ ಸತ್ತ, ದಿಮಿತ್ರಿಯಸ್ ವಾಪಸು ಬಂದ. ಸೋತು ಓಡಿಬಂದ ಅವನಿಗೆ ಆಕೆ ಊರಿನ ಬಾಗಿಲು ತೆರೆಯಲಿಲ್ಲ. ಅವನ ಕೊಲೆಯಾಯಿತು.

ಕ್ರಿ.ಪೂ. 126-125ರಲ್ಲಿ ಆಕೆಯ ಒಂದು ಬೆಳ್ಳಿ ನಾಣ್ಯ ಬಂತು. ಬಹಳ ಅಪರೂಪದ್ದು. ಮುಖವೂ ಆಕೆಯದೇ, ಹಿಂದೆ ಹೆಸರೂ ಆಕೆಯದೇ: ‘ರಾಣಿ ಕ್ಲಿಯೋಪಾತ್ರಾ, ದೇವಿ, ಸಮೃದ್ಧಿ ಕೊಡುವವಳು’. ಯಾವ ಗಂಡನ ಹೆಸರೂ ಇಲ್ಲ, ಮಗನ ಹೆಸರೂ ಇಲ್ಲ. ಅರ್ಸಿನೋಯೆಯ ನಾಣ್ಯದ ಹಾಗೆ ಸೆರಗು, ಜೋಡಿ ಕೊಂಬು ಎಲ್ಲ ಇದೆ. ಆದರೆ ಇವಳು ಬದುಕಿದ್ದಾಳೆ, ಟಂಕಸಾಲೆ ಇವಳ ಕೈಯಲ್ಲಿದೆ. ಮುಂದಿನ ನಾಣ್ಯಗಳಲ್ಲಿ ಮಗ ಎಂಟನೇ ಆಂಟಿಯೋಕಸ್ ಬರುತ್ತಾನೆ. ಎರಡು ಮುಖ ಒಂದರ ಹಿಂದೆ ಒಂದು. ಮುಂದೆ ತಾಯಿ, ಹಿಂದೆ ಮಗ. ಹೆಸರು ಬರೆಯುವಾಗಲೂ ತಾಯಿಯದೇ ಮೊದಲು. 121ರ ಸುಮಾರಿಗೆ ಆಕೆಯ ಅಂತ್ಯವಾಯಿತು. ಆಕೆ ಕೊಟ್ಟ ವಿಷದ ಬಟ್ಟಲನ್ನು ಮಗ ಆಕೆಗೇ ಕುಡಿಸಿದ ಎಂದು ಬರೆದಿದ್ದಾರೆ. ಆಮೇಲಿನ ನಾಣ್ಯಗಳಲ್ಲಿ ಮಗ ಒಬ್ಬನೇ.

ಆದರೂ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಒಂದು ಕಾಗದ. ಬರೆದವಳು ಇನ್ನೊಬ್ಬ ಲವೊದಿಕೆ, ಮೂರನೇ ಆಂಟಿಯೋಕಸನ ಹೆಂಡತಿ. ಕ್ರಿ.ಪೂ. 195ರ ಸುಮಾರು. ಈಗಿನ ಟರ್ಕಿಯ ಕರಾವಳಿಯಲ್ಲಿ ಇಯಾಸೋಸ್ ಎಂಬ ಊರು ಕಷ್ಟಕ್ಕೆ ಸಿಕ್ಕಿತ್ತು. ಊರಿನ ಸಭೆಗೆ ಆಕೆ ತನ್ನ ಹೆಸರಿನಲ್ಲೇ ಪತ್ರ ಬರೆಯುತ್ತಾಳೆ. ‘ನನ್ನ ಸೋದರ’ ನಿಮಗೆ ಮಾಡುತ್ತಿರುವ ಸಹಾಯದ ಬಗ್ಗೆ ಎಷ್ಟೋ ಸಲ ಕೇಳಿದ್ದೇನೆ ಅನ್ನುತ್ತಾಳೆ. ಸೋದರ ಅಂದರೆ ಗಂಡ, ಅದೇ ಬಿರುದು. ಆಮೇಲೆ ಕೆಲಸದ ಮಾತು. ಹಣಕಾಸು ನೋಡಿಕೊಳ್ಳುವ ಸ್ಟ್ರೂಥಿಯೋನನಿಗೆ ಬರೆದಿದ್ದೇನೆ. ಹತ್ತು ವರ್ಷ, ವರ್ಷಕ್ಕೆ 1,000 ಮೆದಿಮ್ನೋಸ್ ಗೋಧಿ ನಿಮ್ಮ ಊರಿಗೆ ಬರುತ್ತದೆ. ಒಂದು ಮೆದಿಮ್ನೋಸ್ ಅಂದರೆ ಸುಮಾರು 50 ಲೀಟರ್ ಅಳತೆ. ಅದನ್ನು ಮಾರಿ, ಬಂದ ಹಣದಲ್ಲಿ ಬಡ ನಾಗರಿಕರ ಹೆಣ್ಣುಮಕ್ಕಳಿಗೆ ಮದುವೆಯ ವರದಕ್ಷಿಣೆ ಕೊಡಬೇಕು. ಒಬ್ಬೊಬ್ಬಳಿಗೆ 300 ದ್ರಾಖ್ಮಾ ಮೀರಬಾರದು.

ಆ ಮಿತಿ ನೋಡಿ. ಸುಮ್ನೆ ಹೆಸರಿಗೆ ಸಹಿ ಹಾಕಿದವಳು ಇಷ್ಟು ಲೆಕ್ಕ ಹಾಕುವುದಿಲ್ಲ. ಇಲ್ಲಿ ಗಂಡ ಹೆಂಡತಿ ಕೆಲಸ ಹಂಚಿಕೊಂಡಿರುವುದೂ ಕಾಣುತ್ತದೆ. ರಾಜ ಊರಿಗೆ ಸ್ವಾತಂತ್ರ್ಯ ಕೊಡುತ್ತಾನೆ, ರಾಣಿ ಮನೆಯೊಳಗೆ ಬರುತ್ತಾಳೆ. ಊರಿನವರು ಆಕೆಯನ್ನು ‘ಅಫ್ರೋದಿತೆ ಲವೊದಿಕೆ’ ಎಂದು ಕರೆದು ಒಬ್ಬ ಕನ್ಯೆಯನ್ನು ಪೂಜಾರಿಣಿ ಮಾಡಿದರು. ಮದುವೆಯಾಗುವ ಜೋಡಿಗಳು ಆಕೆಗೆ ಪೂಜೆ ಸಲ್ಲಿಸಬೇಕೆಂದು ಕಟ್ಟಳೆ ಮಾಡಿದರು. ತೆಯೋಸ್ ಎಂಬ ಇನ್ನೊಂದು ಊರಿನ ಚೌಕದಲ್ಲಿ ಆಕೆಯ ಹೆಸರಿನ ನೀರಿನ ಚಿಲುಮೆ ಕಟ್ಟಿಸಿದರು. ಮದುಮಗಳ ಸ್ನಾನಕ್ಕೆ ನೀರು ಅಲ್ಲಿಂದಲೇ ಹೋಗಬೇಕು.

ಕ್ರಿ.ಪೂ. 193ರಲ್ಲಿ ರಾಜನೇ ಆಕೆಯ ಪೂಜೆಗೆ ಆಜ್ಞೆ ಹೊರಡಿಸಿದ. ಪೂಜಾರಿಣಿಯರು ಆಕೆಯ ಮುಖವಿರುವ ಚಿನ್ನದ ಕಿರೀಟ ಇಟ್ಟುಕೊಳ್ಳಬೇಕು. ಆ ಆಜ್ಞೆಯ ಪ್ರತಿಗಳು ಇರಾನಿನ ನಹಾವಂದಿನಲ್ಲೂ ಸಿಕ್ಕಿವೆ. ಒಂದೆರಡು ವರ್ಷದಲ್ಲೇ ಅದೇ ರಾಜ ಗ್ರೀಸಿನ ಕಾಲ್ಕಿಸ್ ಊರಿನ ಹುಡುಗಿಯನ್ನು ಮದುವೆಯಾದ. ಹಾಡಿ ಹೊಗಳಿದ ಆಜ್ಞೆ ಸಂಸಾರದ ಸುಖಕ್ಕೆ ಸಾಕ್ಷಿ ಅಂತ ನಂಬುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ನಿಮ್ಮ ಭಾಷಣಕ್ಕೆ ಬರುತ್ತೇನೆ. ‘ಹೆಣ್ಣು ಆಳಿದಳು’ ಎಂದು ಅರ್ಸಿನೋಯೆಯ ನಾಣ್ಯ ಹಿಡಿದು ಶುರು ಮಾಡಬಹುದು. ಸಭೆ ತಕ್ಷಣ ಎದ್ದು ಕೂರುತ್ತದೆ. ಆದರೆ ನನ್ನ ವಿದ್ಯಾರ್ಥಿನಿಯ ಹಾಗೆ ಯಾರಾದರೂ ಕೇಳಿದರೆ ನೀವು ಹೇಳಿದ ಉಳಿದ ನಿಜವೂ ಅದರ ಜೊತೆ ಬಿದ್ದುಹೋಗುತ್ತದೆ. ನಿಜವಾಗಿ ಆಳಿದ ಥೇಯಾಗೂ ಅನ್ಯಾಯವಾಗುತ್ತದೆ. ತಮ್ಮನ ದಾರಿ ಹಿಡಿದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಕ್ಷೇಮ. ಆದರೆ ಕೈಗೊಂಬೆಗೆ ಯಾರೂ ಹೆದರುವುದಿಲ್ಲ. ಇಷ್ಟೊಂದು ವಿಷದ ಕಥೆ ಕಟ್ಟುವಷ್ಟು ಜನ ಯಾಕೆ ಹೆದರಿದರು ಎಂಬುದಕ್ಕೆ ಆ ದಾರಿಯಲ್ಲಿ ಉತ್ತರವಿಲ್ಲ. ವಿಷದ ಕಥೆಗಳನ್ನೇ ಹೇಳಿದರೆ ಜನ ಮೈಮರೆತು ಕೇಳುತ್ತಾರೆ. ಮನೆಗೆ ಹೋಗುವಾಗ ಅದೊಂದೇ ನೆನಪಿರುತ್ತದೆ, ಕ್ರಯಪತ್ರ ಮರೆತುಹೋಗುತ್ತದೆ.

ನಾನಾದರೆ ಮೂರೇ ವಸ್ತು ಇಟ್ಟುಕೊಳ್ಳುತ್ತೇನೆ. ಅರ್ಸಿನೋಯೆಯ ನಾಣ್ಯ, ಥೇಯಾಳ ನಾಣ್ಯ, ಇಯಾಸೋಸಿನ ಪತ್ರ. ಪ್ರತಿಯೊಂದಕ್ಕೂ ಇದನ್ನು ಮಾಡಿಸಿದ್ದು ಯಾರು, ಆಗ ಆಕೆ ಬದುಕಿದ್ದಳೇ, ಕೈಗೆ ಬಂದದ್ದು ಯಾರಿಗೆ ಎಂದು ಸಭೆಯನ್ನೇ ಕೇಳುತ್ತೇನೆ. ಇದರಲ್ಲೂ ಕಷ್ಟ ಇದೆ. ಮಾತು ನಿಧಾನವಾಗುತ್ತದೆ, ಚಪ್ಪಾಳೆ ತಟ್ಟಲು ಒಬ್ಬ ವೀರನಾರಿ ಸಿಗುವುದಿಲ್ಲ. ಪತ್ರವನ್ನು ಮಾತ್ರ ಜೋರಾಗಿ ಓದಿ. ಹೆಣ್ಣುಮಕ್ಕಳ ಮದುವೆಗೆ ಸಾಲ ಮಾಡಿದ ಅಮ್ಮಂದಿರು ನಿಮ್ಮ ಸಭೆಯಲ್ಲಿ ಇರುತ್ತಾರೆ. ಒಳ್ಳೆಯ ಕೆಲಸವಾ, ವರದಕ್ಷಿಣೆಯನ್ನೇ ಗಟ್ಟಿ ಮಾಡಿದಳಾ ಅಂತ ಅವರೇ ಜಗಳ ಶುರು ಮಾಡುತ್ತಾರೆ. ಮಾಡಲಿ, ತಡೆಯಬೇಡಿ.

ಕೊನೆಯಲ್ಲಿ ಯಾರಾದರೂ ‘ನಮ್ಮ ಕಡೆ ಇಂಥವರು ಇರಲಿಲ್ವಾ?’ ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೊಂದು ಚಿತ್ರ ಇಟ್ಟುಕೊಂಡಿರಿ. ಭಾರತದ ವಾಯವ್ಯದಲ್ಲಿ ಆಳಿದ ಗ್ರೀಕರಲ್ಲಿ ಅಗಥೊಕ್ಲೇಯಾ ಎಂಬ ರಾಣಿ ಇದ್ದಳು, ಕ್ರಿ.ಪೂ. ಎರಡನೇ ಶತಮಾನದವಳು. ಆಕೆಯ ನಾಣ್ಯದ ಒಂದು ಕಡೆ ಆಕೆಯ ಮುಖ, ಗ್ರೀಕಿನಲ್ಲಿ ಆಕೆಯ ಹೆಸರು. ತಿರುಗಿಸಿದರೆ ಖರೋಷ್ಠಿ ಲಿಪಿ, ಪ್ರಾಕೃತ ಭಾಷೆ. ‘ಮಹರಜಸ ತ್ರತರಸ ಧ್ರಮಿಕಸ ಸ್ತ್ರತಸ’. ಅಂದರೆ ಕಾಪಾಡುವವನೂ ಧರ್ಮಿಷ್ಠನೂ ಆದ ಮಹಾರಾಜ ಸ್ಟ್ರಾಟೋನದು. ಗ್ರೀಕ್ ಓದುವವನ ಕೈಗೆ ರಾಣಿ, ಪ್ರಾಕೃತ ಓದುವವನ ಕೈಗೆ ರಾಜ. ಎರಡೂ ಬದಿಯ ಫೋಟೊ ಒಟ್ಟಿಗೆ ತೋರಿಸಿ, ಆಳುತ್ತಿದ್ದದ್ದು ಯಾರು ಅಂತ ಅವರನ್ನೇ ಕೇಳಿ.